ನಾಲ್ಕನೇ ಚಪ್ಪಾಳೆ

ಫ್ರೆಂಚ್ ಕ್ರಿಯಾಪದವನ್ನು ಚಪ್ಪಾಳೆ ತಟ್ಟಿಯೇ ಕಲಿಯಬೇಕೆಂಬುದು ಶಿವಾಜಿನಗರದ ನಮ್ಮ ಮರಾಠಿ ಟೀಚರಮ್ಮನ ಹಟ. ಉಚ್ಚಾರದ ಒಂದೊಂದು ತುಂಡಿಗೆ ಒಂದು ಚಪ್ಪಾಳೆ. ‘ಮಾತಾಡಿ’ ಎನ್ನಲು ಪಾರ್-ಲೇ, ಎರಡು. ‘ಮುಗಿಸಿ’ ಎನ್ನಲು ಫಿ-ನಿ-ಸೇ, ಮೂರು. ಮೊದಲ ತುಂಡುಗಳಲ್ಲಿ ಕೆಲಸ ಏನೆಂಬುದು ಇರುತ್ತದೆ, ಕೊನೆಯ ತುಂಡಿನಲ್ಲಿ ಯಾರೊಡನೆ ಮಾತೆಂಬುದು. ಪದದ ಕೊನೆಯಲ್ಲಿ ಬರೆದ ಅಕ್ಷರವನ್ನು ಬಾಯಲ್ಲಿ ಅನ್ನುವಂತಿಲ್ಲ. ಬರೆದದ್ದನ್ನೆಲ್ಲ ಓದಿ ಬೆಳೆದ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ನಲವತ್ತರ ಹತ್ತಿರ ಬಂದು ಕಾಲೇಜು ಹುಡುಗಿಯರ ನಡುವೆ ಚಪ್ಪಾಳೆ ತಟ್ಟುವ ಹಣೆಬರಹ ಬೇರೆ!

ಬಿಡುವಂತಿರಲಿಲ್ಲ. ವಿಮಾನ ನಗರದ ಆಫೀಸಿನಲ್ಲಿ ನನ್ನದು ಹಂಗಾಮಿ ಕೆಲಸ. ಫ್ರಾನ್ಸಿನ ಗ್ರಾಹಕರೊಡನೆ ಫೋನಿನಲ್ಲಿ ಮಾತಾಡುವ ಪರೀಕ್ಷೆ ಪಾಸಾದರೆ ಕಾಯಂ, ಇಲ್ಲದಿದ್ದರೆ ಮನೆ. ಗಂಡ ತೀರಿಕೊಂಡ ಮೇಲೆ ಕಾತ್ರಜದ ಮನೆಯಲ್ಲಿ ಉಳಿದವರು ನಾನು ಮತ್ತು ಮಾವನವರು. ಇಬ್ಬರ ಊಟವೂ ನನ್ನ ನೌಕರಿಯ ಮೇಲೆಯೇ.

ಅಭ್ಯಾಸಕ್ಕೆಂದು ಟೀಚರಮ್ಮ ಗ್ರಾಹಕಿಯಾದರು. ‘ಸ್ವಲ್ಪ ತಡೆಯಿರಿ’ ಎನ್ನಬೇಕಿತ್ತು. ಆ-ತಾಂ-ದೇ ಅಂದೆ. ಹಿಂದೆಯೇ ‘ರೀ’ ಬಂತು, ಕೈ ನಾಲ್ಕನೇ ಚಪ್ಪಾಳೆಯನ್ನೂ ತಟ್ಟಿಬಿಟ್ಟಿತು.

“ಹೇ ರೀ ಕುಠೂನ್ ಆಲಂ?” ಆ ರೀ ಎಲ್ಲಿಂದ ಬಂತೆಂದು ಅವರು ಮರಾಠಿಯಲ್ಲಿ ಕೇಳಿದರು.

ನಮ್ಮ ವಿಜಯಪುರದ ಕಡೆ ಮರ್ಯಾದೆಗೆ ಹಾಗೆ ಹಚ್ಚುತ್ತೇವೆಂದೆ. ಕೊನೆಯ ‘ದೇ’ಯಲ್ಲೇ ಮರ್ಯಾದೆ ಇದೆ, ಮೇಲೆ ಸುರಿಯಬೇಡ ಎಂದರು. ತಲೆಗೆ ಹೊಕ್ಕಿತು, ನಾಲಿಗೆಗೆ ಹೋಗಲಿಲ್ಲ. ಪರಿಚಯವಿಲ್ಲದವರೊಡನೆ ರೀ ಇಲ್ಲದೆ ಮಾತಾಡುವುದೆಂದರೆ ಸೆರಗಿಲ್ಲದೆ ಹೊರಗೆ ಹೋದ ಹಾಗೆ ನನಗೆ.

ಮಾವನವರು ಇಡೀ ಆಯುಷ್ಯ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳಿಗೆ “ಬರ್ರಿ, ಕೂಡ್ರಿ” ಅಂದವರು. ನನ್ನ ಗೋಳು ಕೇಳಿ ತಾವೇ ಎದುರು ಕೂತರು. “ರೀ ನುಂಗವಾ, ನುಂಗು. ಮೂರಕ್ಕ ನಿಲ್ಲಬೇಕು.” ದಿನಾ ಸಂಜೆ ನನ್ನೊಡನೆ ಮೂರು ತಟ್ಟಿ, ಕೈ ಗಾಳಿಯಲ್ಲೇ ತಡೆದು ನನ್ನ ಬಾಯಿ ನೋಡುತ್ತಿದ್ದರು. ನಾನೋ, ಬಸ್ಸಿನಲ್ಲಿ ಬ್ಯಾಗಿನ ಮೇಲೆ ಬೆರಳು ಕುಟ್ಟುತ್ತಿದ್ದೆ, ಒಲೆಯ ಮುಂದೆ ನಿಂತು ಹಾಲು ಉಕ್ಕಿಸುತ್ತಿದ್ದೆ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಪಕ್ಕದ ಮನೆಯವರು ಮಾತಾಡಿಸಿದರೆ ಸಿಟ್ಟು ಬರುತ್ತಿತ್ತು. ಕನ್ನಡದಲ್ಲೂ ರೀ ನುಂಗತೊಡಗಿದ್ದೆನೆಂಬುದು ನನಗೆ ತಿಳಿಯಲೇ ಇಲ್ಲ.

ಪರೀಕ್ಷೆಯಲ್ಲಿ ಒಂದೇ ಒಂದು ರೀ ಬೀಳಲಿಲ್ಲ. ಪಾಸಾದೆ. ಮೊದಲು ಮಾವನವರಿಗೇ ಹೇಳಬೇಕೆಂದು, ಫೋನೂ ಮಾಡದೆ ಎರಡು ಬಸ್ಸು ಬದಲಿಸಿ ಓಡಿ ಬಂದೆ. ಬಾಗಿಲು ತೆಗೆದವರೇ ಕೇಳಿದರು.

“ಏನಾತವಾ?”

“ತಡಿ, ಚಪ್ಪಲಿ ಬಿಡ್ತೀನಿ.”

ಮದುವೆಯಾಗಿ ಹದಿನೈದು ವರ್ಷದಲ್ಲಿ ಅವರಿಗೆ ಹಾಗೆ ಅಂದವಳಲ್ಲ. ಅವರ ಕೈ ಚಿಲಕದ ಮೇಲೇ ಉಳಿಯಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಪಾಸಾದಿ ಹಂಗಾರ,” ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

“ಹೌದ್ರಿ,” ಅಂದೆ. “ಹೌದ್ರಿ, ಮಾವಾರ, ಹೌದ್ರಿ.” ಎಷ್ಟು ಸಲ ಅಂದೆನೋ. ಅವರು ಆಗಲೇ ಬೆನ್ನು ತಿರುಗಿಸಿ ಅಡುಗೆಮನೆಗೆ ನಡೆದಿದ್ದರು, ನನಗೆ ಚಹಾ ಇಡಲು.