ಅಮೆರಿಕ, ಚೀನಾ ಮತ್ತು ಒಂದು ಡಬ್ಬಿ ಕುಸುರೆಳ್ಳು

ನನಗೆ ಮೊದಲಿನಿಂದಲೂ ಬಾಯಿ ಜಾಸ್ತಿ. ಗಡಹಿಂಗ್ಲಜದ ತವರಿನಲ್ಲಿ ಅವ್ವ ಹೇಳುತ್ತಿದ್ದಳು, "ಈಕೀನ ಇಚಲಕರಂಜಿಗೇ ಕೊಡಬೇಕ ನೋಡ್ರಿ, ಮಗ್ಗದ ಸಪ್ಪಳದಾಗ ಈಕಿ ಬಾಯಿ ಯಾರಿಗೂ ಕೇಳ್ಸಂಗಿಲ್ಲ" ಎಂದು. ಕೊಟ್ಟದ್ದೂ ಇಚಲಕರಂಜಿಗೇ. ಮೂವತ್ತೈದು ವರ್ಷ ಆ ಸಪ್ಪಳದ ಮೇಲೆ ದನಿ ಎತ್ತರಿಸಿ ಮಾತಾಡಿ ಬದುಕಿದವಳು ನಾನು. ಇಂಥ ಬಾಯಿ ತೆರೆಯಬೇಕಾದ ಒಂದೇ ಒಂದು ಕಡೆ ಮುಚ್ಚಿಕೊಂಡಿತು. ಅದನ್ನು ಬರೆಯಲು ಕೂತರೆ ಈಗಲೂ ಮುಖ ಬಿಸಿಯಾಗುತ್ತದೆ.

ನಮ್ಮ ಮನೆಯ ಹಿಂದೆ ನನ್ನದೊಂದು ಹೊಲಿಗೆಯ ಕಾರ್ಖಾನೆ ಇದೆ. ಕಾರ್ಖಾನೆ ಅಂದರೆ ತಗಡಿನ ಕೆಳಗೆ ಹನ್ನೆರಡು ಮಿಷನ್ನು, ಒಂದು ಉದ್ದನೆಯ ಕತ್ತರಿ ಟೇಬಲ್ಲು, ಅಷ್ಟೇ. ಪರಕರ, ಅಂದರೆ ಸೀರೆಯ ಒಳಲಂಗ, ಮತ್ತೆ ಬಟ್ಟೆಯ ಚೀಲ ಹೊಲಿಯುತ್ತೇವೆ. ಹಿಂದಿನ ಓಣಿಯಲ್ಲಿ ಇಂಥದೇ ಇನ್ನೊಂದು ಕಾರ್ಖಾನೆ ಇತ್ತು. ಅದನ್ನು ಇಬ್ಬರು ನೆಗೆಣ್ಣಿಯರು ನಡೆಸುತ್ತಿದ್ದರು, ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದವರು. ಹಿರಿಯಳದು ವ್ಯವಹಾರ, ಕಿರಿಯಳದು ಕತ್ತರಿ. ಕಿರಿಯಳು ಹಾಳೆಯ ಮೇಲೆ ಗೀಟು ಹಾಕದೆ, ಬೆರಳಿನಲ್ಲಿ ಗೇಣು ಹಾಕಿ ನೋಡಿ ಒಂದು ತಾನು ಬಟ್ಟೆಯಲ್ಲಿ ಎಲ್ಲರಿಗಿಂತ ಎರಡು ಪರಕರ ಹೆಚ್ಚು ತೆಗೆಯುತ್ತಿದ್ದಳು. ಅದನ್ನು ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು. ಸುಳ್ಳೇಕೆ ಹೇಳಲಿ.

ಒಂದು ದಿನ ಅದೇ ಕಿರಿಯಳ ಕೈ ತಪ್ಪಿ ಒಂದಿಡೀ ತಾನು ಅಡ್ಡಡ್ಡ ಕತ್ತರಿಸಿಹೋಯಿತು. ಹಿರಿಯಳು ಹೊಲಿಯುವ ಹೆಣ್ಣುಮಕ್ಕಳ ಎದುರಿಗೇ, "ತವರಾಗ ಇದನ್ನ ಕಲಿಸ್ಯಾರೇನು?" ಅಂದುಬಿಟ್ಟಳು. ಕಿರಿಯಳು ಕತ್ತರಿ ಟೇಬಲ್ಲಿನ ಮೇಲಿಟ್ಟು ಹೊರಗೆ ನಡೆದಳು. ದೀಪಾವಳಿಯ ಹೊತ್ತಿಗೆ ಗಂಡನ ಜೊತೆ ಬೇರೆ ಬಾಡಿಗೆ ಮನೆ ಮಾಡಿದಳು. ಆಮೇಲೆ ಒಂದು ಮುಂಜಾನೆ ನನ್ನ ಬಾಗಿಲಿಗೆ ಬಂದು, "ಕಾಕೂ, ಕೆಲಸ ಐತೇನ್ರಿ?" ಎಂದಳು. ನಾನು ಆಕೆಯನ್ನು ಕರೆದಿರಲಿಲ್ಲ. ಆದರೆ "ಮೊದಲ ಮನೀಗೆ ಹೋಗಿ ಅಕ್ಕನ ಜೋಡಿ ಮಾತಾಡು" ಎಂದೂ ಹೇಳಲಿಲ್ಲ. ಟೇಬಲ್ಲು ತೋರಿಸಿದೆ.

ಹೊಲಿಯುವವರು ಊರಲ್ಲಿ ಹತ್ತು ಮಂದಿ ಸಿಗುತ್ತಾರೆ, ಕತ್ತರಿಸುವವರು ಸಿಗುವುದಿಲ್ಲ. ಆಕೆ ಬಂದ ಮೇಲೆ ಆಕೆಯ ಹಿಂದೆಯೇ ಅವರ ಗಿರಾಕಿಗಳೂ ಬಂದರು. ಅಮೆರಿಕದ ಅಂಗಡಿಗಳಿಗೆ ಬಟ್ಟೆಯ ಚೀಲ ಕಳಿಸುವ ಕೊಲ್ಹಾಪುರದ ವ್ಯಾಪಾರಿಯೊಬ್ಬರೂ ಅವರಲ್ಲಿ ಇದ್ದರು.

ಆ ಸಂಕ್ರಾಂತಿಯ ದಿನ ಹಿರಿಯಳು ನಮ್ಮ ಮನೆಗೆ ಬಂದಳು. ಕೈಯಲ್ಲಿ ಸ್ಟೀಲಿನ ಪುಟ್ಟ ಡಬ್ಬಿ, ಒಳಗೆ ಕುಸುರೆಳ್ಳು. ಅಂಗಡಿಯದಲ್ಲ, ಮನೆಯಲ್ಲಿ ಸಣ್ಣ ಉರಿಯ ಮುಂದೆ ಕೂತು, ಹನಿಹನಿ ಪಾಕ ಬಿಟ್ಟು, ಎಳ್ಳಿಗೆ ಸಕ್ಕರೆಯ ಮುಳ್ಳು ಬರಿಸಿದ್ದು. ಮೂರು ನಾಲ್ಕು ದಿನದ ಕೆಲಸ ಅದು. ಚಹಾ ಬೇಡವೆಂದು ಬಾಗಿಲಲ್ಲೇ ನಿಂತು ಹೇಳಿದಳು:

"ಕಾಕೂ, ನಾ ನಿಮ್ಮ ಕಾರಖಾನ್ಯಾಗ ಬಂದ್ರ ನಾಕ ಮಂದಿ ನೋಡತಾರ. ಆಕೀಗೂ ನಾಚಿಕಿ, ನನಗೂ ನಾಚಿಕಿ. ಈ ಎಳ್ಳ ನೀವ ಆಕೀ ಕೈಯಾಗ ಕೊಡ್ರಿ. ನಾ ಅಂದದ್ದ ತಪ್ಪಾತಂತ, ಬಾ ಅಂದಾಳಂತ ಹೇಳ್ರಿ. ಬರಲಿಲ್ಲಂದ್ರ ಆಕೀಗೆ ಮನಸಿಲ್ಲಂತ ತಿಳಕೋತೇನಿ. ಮತ್ತ ಕಾಡಂಗಿಲ್ಲ."

"ಅಯ್ಯ, ಇಷ್ಟೇನ? ನಾಳೇನ ಕೊಡತೇನವಾ" ಎಂದೆ. ಆಗ ನಿಜವಾಗಿಯೂ ಕೊಡುವವಳೇ ಇದ್ದೆ.

ಮರುದಿನ ಕೊಲ್ಹಾಪುರದ ವ್ಯಾಪಾರಿ ಬಂದರು. "ಚೀನಾದ ಮಾಲಿನ ಮ್ಯಾಲೆ ಅಮೆರಿಕಾದವ್ರು ತೆರಿಗಿ ಹಾಕೇ ಹಾಕತಾರ್ರಿ. ಅಲ್ಲಿಂದ ಹೋಗೂ ಚೀಲ ಇನ್ನ ನಮ್ಮ ಕಡೆಯಿಂದ ಹೋಗತಾವು. ನಿಮ್ಮ ಕತ್ತರಿ ಚಲೋ ಐತಿ, ಆರ್ಡರ್ ನಿಮಗ" ಎಂದರು. ಡಬ್ಬಿ ಅಡುಗೆಮನೆಯ ಗೋಡೆಯ ಮಾಡದಲ್ಲಿತ್ತು. ಈ ಲಾಟಿನ ಚೀಲ ಮುಗಿಯಲಿ, ಆಮೇಲೆ ಕೊಟ್ಟರಾಯಿತು ಎಂದುಕೊಂಡೆ. ಆ ಲಾಟು ಮುಗಿಯಿತು, ಇನ್ನೊಂದು ಬಂತು. ಡಬ್ಬಿಯ ಮುಂದೆ ಮೊದಲು ಅರಿಶಿನದ ಬಾಟಲಿ ಇಟ್ಟೆ, ಆಮೇಲೆ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ ಇಟ್ಟೆ. ಕಣ್ಣಿಗೆ ಬೀಳದ ಹಾಗೆ.

ಎಂಟು ದಿನದ ಮೇಲೆ ಕಾಯಿಪಲ್ಲೆ ಪೇಟೆಯಲ್ಲಿ ಹಿರಿಯಳು ಎದುರಾದಳು. ಮೆಂತ್ಯದ ಸಿವುಡು ಕೈಯಲ್ಲಿ ಹಿಡಿದೇ, "ಏನಂದ್ಳ್ರಿ ಕಾಕೂ?" ಎಂದು ಕೇಳಿದಳು.

"ಏನೂ ಅನ್ನಲಿಲ್ಲವಾ" ಎಂದೆ.

ನೋಡಿ, ಇದು ಸುಳ್ಳಲ್ಲ. ಏನೂ ಕೇಳದವಳು ಏನು ಅಂದಾಳು? ನನ್ನ ಮನಸ್ಸಿಗೆ ನಾನೇ ಹೀಗೆ ಹೇಳಿಕೊಂಡೆ. ಹಿರಿಯಳು "ಆತು ಬಿಡ್ರಿ" ಎಂದು ಮೆಂತ್ಯದ ಸಿವುಡನ್ನು ತಿರುಗಿ ಬುಟ್ಟಿಯಲ್ಲಿಟ್ಟು ಹೋದಳು. ಏನೂ ಕೊಳ್ಳಲಿಲ್ಲ.

ಬಸವ ಜಯಂತಿಯ ಹೊತ್ತಿಗೆ ಅಮೆರಿಕ ಚೀನಾ ಜಗಳ ಜೋರಾಗಿತ್ತು. ಇವರು ತೆರಿಗೆ ಏರಿಸಿದರೆ ಅವರೂ ಏರಿಸುವುದು, ದಿನಾ ಟಿವಿಯಲ್ಲಿ ಅದೇ. ನಮ್ಮ ಊರಲ್ಲಿ ಅದು ದೂರದ ಸುದ್ದಿಯಲ್ಲ, ಮಗ್ಗ ಚೀನಾದ್ದು, ಗಿರಾಕಿ ಅಮೆರಿಕದವನು ಅನ್ನುವಂತಾಗಿತ್ತು. ನಮ್ಮ ಸಮಾಜದವರು ಮದುವೆಗಳು ನಡೆಯುವ ಮಂಗಲ ಕಾರ್ಯಾಲಯದಲ್ಲಿ ಒಂದು ಚರ್ಚೆ ಇಟ್ಟರು. ಕೊಲ್ಹಾಪುರದಲ್ಲಿ ರಾಜ್ಯಶಾಸ್ತ್ರ ಕಲಿಸಿ ನಿವೃತ್ತರಾದ ಪ್ರಾಧ್ಯಾಪಕರನ್ನು ಕರೆಸಿದ್ದರು. ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಚಂದ ಮಾತಾಡಿದರು. ಒಬ್ಬನ ಹತ್ತಿರ ಪೇಟೆ ಇದೆ, ಇನ್ನೊಬ್ಬನ ಹತ್ತಿರ ಮಾಲು ಇದೆ, ಒಬ್ಬರನ್ನು ಬಿಟ್ಟು ಒಬ್ಬರಿಗೆ ನಡೆಯುವುದಿಲ್ಲ, ಅದಕ್ಕೇ ಇಷ್ಟು ಸಿಟ್ಟು ಎಂದರು.

ಆಮೇಲೆ ಜನ ಎದ್ದು ಎದ್ದು ಮಾತಾಡಿದರು. ಚೀನಾ ಮಾಲು ಬಿಡಬೇಕು ಎಂದು ಒಬ್ಬರು ಹೇಳಿದ್ದೇ ತಡ, ಯಡ್ರಾವದ ಮಗ್ಗದ ಮಾಲಕ ಎದ್ದು, "ನನ್ನ ಮಗ್ಗದಾಗಿನ ಇಲೆಕ್ಟ್ರಾನಿಕ್ ಕಾರ್ಡ್ ಸುಟ್ಟ ಹೋಗೇತಿ, ಚೀನಾದಿಂದ ಬರಬೇಕ. ಭಾಷಣ ಮಾಡೂ ಬದ್ಲಿ ಅದನ್ನ ಮಾಡಿ ಕೊಡತೀಯೇನು?" ಎಂದು ಗದರಿದರು. ಉದಗಾಂವದ ರೈತರೊಬ್ಬರಿಗೆ ಬೇರೆಯೇ ಚಿಂತೆ. "ಚೀನಾದವ್ರು ಅಮೆರಿಕಾದ ಸೋಯಾಬೀನ್ ಬ್ಯಾಡ ಅಂದ್ರ, ಅದು ಇಲ್ಲಿ ಬಂದ ಬೀಳತೈತೇನ್ರಿ ಸರ್? ನಮ್ಮದನ್ನ ಯಾರ ಕೇಳಬೇಕು?" ಎಂದರು. ಪ್ರಾಧ್ಯಾಪಕರು ಅದಕ್ಕೆ ನಗಲಿಲ್ಲ, ಕಾಗದದಲ್ಲಿ ಬರೆದುಕೊಂಡರು.

ಅಮೆರಿಕಕ್ಕೆ ಚೀಲ ಹೊಲಿಯುವವಳು ಎಂದು ನನ್ನನ್ನೂ ಕರೆದರು. ಕರೆಯದಿದ್ದರೂ ನಾನು ಹೋಗುವವಳೇ. ಇಳಕಲ್ ಸೀರೆಯ ಸೆರಗು ಸರಿಮಾಡಿಕೊಂಡು ಮೈಕು ಹಿಡಿದೆ. "ಹಿರಿಯರು ಹೇಳ್ಯಾರ, ಇಬ್ಬರ ಜಗಳ ಮೂರನೆಯವನಿಗೆ ಲಾಭ. ಅವರು ಜಗಳಾಡಲಿ ಬಿಡ್ರಿ! ಚೀನಾದ ಮಿಷನ್ ಮ್ಯಾಲೆ ಹೊಲದು ಅಮೆರಿಕಾದವ್ರಿಗೆ ಮಾರಾಕತ್ತೇನಿ ನಾ. ಅವರ ಜಗಳ ಮುಗೀಲಾರದ್ಹಂಗ ಗುರು ಬಸವಣ್ಣಗ ಕೈ ಮುಗೀರಿ" ಎಂದೆ. ಕಾರ್ಯಾಲಯ ಹಾರಿಹೋಗುವ ಹಾಗೆ ನಕ್ಕರು, ಚಪ್ಪಾಳೆ ತಟ್ಟಿದರು. ದಾಸೋಹದ ಮಾತು ಹೇಳಿದ ಮಹಾತ್ಮನ ಫೋಟೋ ನನ್ನ ಬೆನ್ನ ಹಿಂದೆಯೇ ಇತ್ತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅನ್ನುತ್ತಾರೆ. ನಾನು ಶಾಸ್ತ್ರ ಹೇಳುವುದನ್ನೂ ಬಿಟ್ಟಿದ್ದೆ.

ಚಪ್ಪಾಳೆ ನಿಂತ ಮೇಲೆ ಹೆಣ್ಣುಮಕ್ಕಳ ಸಾಲಿನಿಂದ ಕಿರಿಯಳು ಎದ್ದು ನಿಂತಳು. ಸಭೆಯಲ್ಲಿ ಎಂದೂ ಬಾಯಿ ಬಿಟ್ಟವಳಲ್ಲ. ನನ್ನ ಜೊತೆಗೇ ಬಂದಿದ್ದಳು.

"ಸರ್, ನನಗ ಭಾಳ ತಿಳಿಯಂಗಿಲ್ರಿ. ಅವರಿಬ್ರೂ ದೊಡ್ಡವರು, ಇಬ್ಬರಿಗೂ ಲುಕ್ಸಾನ ಆಗಾಕತ್ತೇತಿ ಅಂತೀರಿ. ಮತ್ತ ಒಬ್ಬರು ಒಂದ ಫೋನ್ ಮಾಡಿದ್ರ ಮುಗೀತಲ್ರಿ. ಯಾಕ ಮಾಡಂಗಿಲ್ಲ?"

ಯಾರೋ ಕಿಸಕ್ಕೆಂದರು. ಪ್ರಾಧ್ಯಾಪಕರು ಮಾತ್ರ ಕನ್ನಡಕ ತೆಗೆದು, "ಚಲೋ ಕೇಳಿದಿ ನೋಡವಾ" ಎಂದರು. "ಮೊದಲ ಫೋನ್ ಮಾಡಿದವರು ಸೋತಂಗ ಅಂತ ಇಬ್ಬರಿಗೂ ಅನಸತೈತಿ. ಮಾನದ ಪ್ರಶ್ನಿ. ಅದಕ್ಕ ನಡುವ ಯಾರನ್ನರ ಹಿಡಿದು ಮಾತ ಕಳಸತಾರ. ದೇಶ ದೇಶದ ನಡುವ ಹಿಂಗ ಭಾಳ ಸಲ ಆಗೇತಿ. ಆದ್ರ ನಡುವಿನವರು ಮಾತ ಮುಟ್ಟಸಬೇಕಲ್ಲ? ಈಗ ಕಾಕೂ ಅಂದ್ರು, ಮೂರನೆಯವರಿಗೆ ಲಾಭ ಅಂತ. ಲಾಭ ಇದ್ದವರ ಕೈಯಾಗ ಮಾತ ಕೊಟ್ರ ಅದು ಹಾದ್ಯಾಗ ಉಳೀತೈತಿ."

ಜನ ಮತ್ತೆ ನಕ್ಕರು. ಅವರು ನನ್ನನ್ನು ಚೇಷ್ಟೆ ಮಾಡಿದ್ದು, ಅಷ್ಟೇ. ಅವರಿಗೇನು ಗೊತ್ತು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅನ್ನುತ್ತಾರಲ್ಲ, ಹಾಗೆ ನಾನು ಸುಮ್ಮಸುಮ್ಮನೆ ಸೆರಗು ಎಳೆದುಕೊಂಡೆ. ಕಿರಿಯಳು ಮಾತ್ರ ನಗದೆ, ತಲೆಯಾಡಿಸಿ ಕೂತಳು. ಆಕೆಗೆ ನನ್ನ ಮೇಲೆ ಎಳ್ಳಷ್ಟೂ ಸಂಶಯ ಇರಲಿಲ್ಲ.

ಮನೆಗೆ ನಡೆದು ಬರುವಾಗ ಆಕೆ ತಾನಾಗಿಯೇ ಮಾತು ತೆಗೆದಳು. "ನಮ್ಮ ಅಕ್ಕ ಸೋಮವಾರ ಮಿಷನ್ ಎಲ್ಲಾ ಮಾರತಾಳಂತ ಕಾಕೂ. ಕತ್ತರಸಾವ್ರು ಸಿಗವಲ್ರಂತ. ಗಡಹಿಂಗ್ಲಜದವ್ರು ಯಾರೋ ಟೆಂಪೋ ತಗೊಂಡ ಬರತಾರಂತ." ಚಪ್ಪಲಿಯಲ್ಲಿ ಸಿಕ್ಕ ಕಲ್ಲು ಕೊಡವಿ ಮತ್ತೆ ಹೇಳಿದಳು. "ಸಂಕ್ರಾಂತಿಗೆ ಭಾಳ ಹಾದಿ ನೋಡಿದೆ. ಎಳ್ಳ ಕಳಸತಾಳಂತ. ಪ್ರತಿ ವರ್ಷ ನಾವಿಬ್ರೂ ಕೂತು ಮಾಡತಿದ್ವಿ. ಒಂದ ಕಾಳ ಕಳಸಿದ್ರೂ ಓಡಿ ಹೋಗತಿದ್ದೆ. ಮನಸಿಲ್ಲ ಬಿಡ್ರಿ ಆಕೀಗೆ."

ಅಲ್ಲೇ ಹೇಳಬಹುದಿತ್ತು. ರಸ್ತೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ಏನೆಂದೆ ಗೊತ್ತೇ? "ಬಿಸಲ ಭಾಳ ಐತಿ, ಸೆರಗ ಹೊತ್ತಗೊಳವಾ" ಎಂದೆ. ಥೂ ನನ್ನ ಬಾಯಿಗೆ.

ಮಾರನೆಯ ಮುಂಜಾನೆ ಶೇಂಗಾ ಹಿಂಡಿಯ ಡಬ್ಬಿ ಸರಿಸಿ, ಹಿಂದಿನ ಡಬ್ಬಿ ತೆಗೆದೆ. ಕುಸುರೆಳ್ಳು ಹಸಿ ಹಿಡಿದು ಒಂದೇ ಗಟ್ಟಿಯಾಗಿತ್ತು, ಒಂದೆರಡು ಇರುವೆ ಸತ್ತಿದ್ದವು. ಒಮ್ಮೆ ಅನಿಸಿತು, ಇದನ್ನು ಚೆಲ್ಲಿ, ಹೊಸದು ತುಂಬಿ, ನಿನ್ನೆಯೇ ಕೊಟ್ಟಳು ಎಂದುಬಿಡಲೇ? ಅಷ್ಟು ಹೊತ್ತಿನಲ್ಲೂ ನನ್ನ ತಲೆ ಹೀಗೇ ಓಡುತ್ತಿತ್ತು. ಹಾಗೆಯೇ ಒಯ್ದೆ. ಧೈರ್ಯದಿಂದಲ್ಲ, ಮರುದಿನವೇ ಸೋಮವಾರ, ಟೆಂಪೋ ಬರುತ್ತದೆ ಎಂಬ ಹೆದರಿಕೆಯಿಂದ.

ಅವತ್ತು ರವಿವಾರವಾದರೂ ಲಾಟು ಮುಗಿಸಲೆಂದು ಕಿರಿಯಳು ಒಬ್ಬಳೇ ಬಂದು ಟೇಬಲ್ಲಿನ ಮೇಲೆ ಬಟ್ಟೆ ಹಾಸುತ್ತಿದ್ದಳು. ಡಬ್ಬಿ ಮುಂದಿಟ್ಟೆ. ಆಕೆ ಅದನ್ನು ತಿರುಗಿಸಿ ತಳ ನೋಡಿದಳು. ಅವರ ಮನೆತನದ ಹೆಸರು ಅಲ್ಲಿ ಕೊರೆದಿತ್ತು. ಮುಚ್ಚಳ ತೆಗೆದಳು.

"ಯಾವಾಗ ಕೊಟ್ಟದ್ದ್ರಿ?"

"ಸಂಕ್ರಾಂತಿಗೆ" ಎಂದೆ. "ಅಂದದ್ದ ತಪ್ಪಾತಂತ. ಬಾ ಅಂದಾಳ. ನಾನ ಹೇಳಲಿಲ್ಲ. ನೀ ಹೋಗತಿ ಅಂತ ಹೇಳಲಿಲ್ಲ."

ಬೈಯುತ್ತಾಳೆ ಎಂದು ನಿಂತಿದ್ದೆ. ಬೈದರೆ ನಾನೂ ನಾಲ್ಕು ಮಾತು ಅನ್ನಬಹುದು, ಕೆಲಸ ಕೊಟ್ಟವಳು ನಾನಲ್ಲವೇ ಎನ್ನಬಹುದು. ಆಕೆ ಕುತ್ತಿಗೆಯಲ್ಲಿದ್ದ ಅಳತೆಯ ಟೇಪು ತೆಗೆದು ಸುತ್ತಿ ಟೇಬಲ್ಲಿನ ಮೇಲಿಟ್ಟಳು. ಗಟ್ಟಿಯಾದ ಎಳ್ಳಿನ ತುದಿ ಮುರಿದು ಬಾಯಿಗೆ ಹಾಕಿಕೊಂಡಳು. ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿ ಹೊರಟಳು.

"ನಾನೂ ಬರತೇನಿ. ನಿಮ್ಮ ಅಕ್ಕಗ ನಾನ ಹೇಳತೇನಿ, ತಪ್ಪ ನಂದ ಅಂತ."

"ಬ್ಯಾಡ್ರಿ ಕಾಕೂ" ಎಂದಳು. "ನಮ್ಮಿಬ್ಬರ ನಡುವ ಇನ್ನ ಯಾರೂ ಬ್ಯಾಡ."

ಸೋಮವಾರ ಟೆಂಪೋ ಬಂದಿತ್ತಂತೆ, ಖಾಲಿಯೇ ಹೋಯಿತಂತೆ. ಹಿಂದಿನ ಓಣಿಯಲ್ಲಿ ಮಿಷನ್ನುಗಳ ಸಪ್ಪಳ ತಿರುಗಿ ಶುರುವಾಯಿತು. ನನ್ನ ಟೇಬಲ್ಲಿಗೆ ಬಂದ ಹೊಸ ಕತ್ತರಿಯವನು ಬಟ್ಟೆ ಹಾಳುಮಾಡಿದ್ದೇ ಹೆಚ್ಚು. ಗಣಪತಿ ಹಬ್ಬದ ಹೊತ್ತಿಗೆ ಅಮೆರಿಕ ನಮ್ಮ ಮಾಲಿನ ಮೇಲೂ ತೆರಿಗೆ ಹಾಕಿತು, ಚೀಲದ ಆರ್ಡರ್ ನಿಂತಿತು. ಅದಕ್ಕೆ ನನಗೇನೂ ಅನಿಸಲಿಲ್ಲ. ಹಿರಿಯಳು ಯಾವಾಗ ಬಾಗಿಲಿಗೆ ಬಂದು ನಾಲ್ಕು ಮಂದಿಯ ಎದುರು ಕೇಳುತ್ತಾಳೋ ಎಂದು ಮಾತ್ರ ಹೆದರಿಕೊಂಡೇ ಇದ್ದೆ. ಆ ಓಣಿ ತಪ್ಪಿಸಿ, ಸುತ್ತುಹಾಕಿ ಪೇಟೆಗೆ ಹೋಗುತ್ತಿದ್ದೆ.

ಈ ಸಂಕ್ರಾಂತಿಗೆ ಬಂದಳು. ಇಬ್ಬರೂ ಬಂದರು. ಹಿರಿಯಳು ನನ್ನ ಕೈ ಹಿಡಿದು ಅಂಗೈ ತುಂಬ ಕುಸುರೆಳ್ಳು ಸುರಿದಳು.

"ಎಳ್ಳ ಬೆಲ್ಲ ತಗೊಂಡು ಎಳ್ಳ ಬೆಲ್ಲದ್ಹಂಗ ಇರೂಣ್ರಿ ಕಾಕೂ. ನೀವ ಇರಲಿಲ್ಲಂದ್ರ ನಾವ ಕೂಡತಿರಲಿಲ್ಲ ನೋಡ್ರಿ. ಡಬ್ಬಿ ಅವತ್ತ ಕೊಟ್ಟಿದ್ರಂತ, ದಿನಾ ಹೋಗು ಹೋಗು ಅಂತ ಬೆನ್ನ ಹತ್ತಿದ್ರಂತ. ಹಟಾ ಮಾಡಿದಾಕಿ ನಾನ ಅಂತ ಈಕೀನ ಒಪ್ಪಿಕೊಂಡಾಳ. ನಿಮ್ಮ ಉಪಕಾರ ಹೆಂಗ ತೀರಸೂದ್ರಿ?"

ಕಿರಿಯಳು ಹಿಂದೆ ನಿಂತು ನನ್ನ ಹೊಸ್ತಿಲಿನ ರಂಗೋಲಿ ನೋಡುತ್ತಿದ್ದಳು. ತಲೆ ಎತ್ತಲಿಲ್ಲ.

ಇಡೀ ಊರಿಗೆ ಕೇಳುವ ನನ್ನ ಬಾಯಿ ಆಗಲೂ ತೆರೆಯಲಿಲ್ಲ. ತೆರೆದದ್ದು ಎಳ್ಳು ಹಾಕಿಕೊಳ್ಳಲಿಕ್ಕೆ ಮಾತ್ರ. ಹಿರಿಯಳು ಎದುರಿಗೇ ನಿಂತಿದ್ದಳು, ನಾನು ಪೂರ್ತಿ ತಿಂದು ಮುಗಿಸುವ ತನಕ.