ಎರಡು ಆಸ್ಕರ್ ಮೀನಿಗೆ ಆರಡಿ ಟ್ಯಾಂಕ್

ಫ್ರೆಂಡ್ಸ್, ಸಾರಿ. ಫಸ್ಟ್ ಇಯರ್ ಪರೀಕ್ಷೆ ತಲೆ ಮೇಲಿರುವಾಗ ಸೈಬರ್ ಸೆಂಟರಿನಲ್ಲಿ ಕೂತು ಮೀನಿನ ವಿಷಯ ಬರೀತಿದ್ದೀನಿ, ಬೈಬೇಡಿ.

ಇವತ್ತು ಕೊಟ್ಟೂರಿನ ನಮ್ಮ ಮನೆಯಲ್ಲಿ ನನ್ನ ಎರಡು ಆಸ್ಕರ್ ಮೀನು ಮತ್ತೆ ಕಚ್ಚಾಡಿದವು. ಚಿಕ್ಕದರ ಬಾಲ ಅರ್ಧ ಹರಿದಿದೆ. ಜಾಗ ಸಾಲದಿದ್ದರೆ ಈ ಜಾತಿಗೆ ವಿಪರೀತ ಸಿಟ್ಟು. ಅದಕ್ಕೇ ಆರಡಿ ಉದ್ದದ ಟ್ಯಾಂಕ್ ನಾನೇ ಮಾಡ್ತೀನಿ ಅಂತ ಪ್ಲ್ಯಾನ್ ಬರೆದು ಅಪ್ಪನ ಮುಂದಿಟ್ಟೆ.

ಅಣ್ಣ ನಕ್ಕ. "ಮೀನಿಗ್ಯಾಕಲೇ ಬಂಗ್ಲೆ? ಒಂದನ್ನ ಕೆರಿಗೆ ಬಿಟ್ಟು ಬಾ, ಜಗಳ ಮುಗೀತೈತಿ."

ಅಪ್ಪ ಪ್ಲ್ಯಾನ್ ನೋಡುತ್ತಲೇ ಹೇಳಿದರು: "ಹಂಗ ಮಾಡಬಾರದಪ್ಪ. ನೀವಿಬ್ರೂ ದಿನಾ ಬಡಿದಾಡ್ತೀರಿ ಅಂತ ನಿನ್ನ ತಮ್ಮನ್ನ ಐದನೇ ಕ್ಲಾಸಿಗೇ ಹಾಸ್ಟೆಲಿಗೆ ಹಾಕಿದೆ. ಜಗಳ ನಿಂತ್ಹೋತು, ಖರೆ. ಮನಿ ಬಿಕೋ ಅಂತಿತ್ತು."

ಅಣ್ಣ ಎದ್ದು ಟೇಪ್ ತಂದು, ತನ್ನ ಮಂಚ ಸರಿಸಿ, ಗೋಡೆ ಅಳೆದ. "ಆರಲ್ಲಲೇ, ಏಳಡಿ ಹಿಡಿಸ್ತೈತಿ."

ಆ ಮಂಚ ಈಗ ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತಿದೆ. ಅಮ್ಮ ಇನ್ನೂ ನೋಡಿಲ್ಲ.

ಏಳಡಿ ಉದ್ದ, ಎರಡಡಿ ಎತ್ತರಕ್ಕೆ ಎಷ್ಟು ದಪ್ಪ ಗಾಜು ಬೇಕು? ನಾಳೆ ಬೆಳಿಗ್ಗೆ ಅಣ್ಣ ಗಾಜು ತರೋಕೆ ಹೋಗ್ತಾನೆ. ಬೇಗ ರಿಪ್ಲೈ ಮಾಡಿ.