ಆಯುಧಪೂಜೆಯ ದಿನ ಎದ್ದ ಸರ್ವರ್

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಯಂತ್ರ ತಿಳಿಯದವರಿಗೆ ಎಲ್ಲವೂ ಮಾಯೆ ಎಂದು ಮುಖದ ಮೇಲೇ ಹೇಳಿಬಿಡುತ್ತಿದ್ದೆ. ಈಗ ನಾನೇ ಹೇಳುತ್ತಿದ್ದೇನೆ, ನಗುವುದಾದರೆ ನಗಿ. ನನಗೆ ಮಾತ್ರ ಇವತ್ತಿಗೂ ಸಿಟ್ಟೇ ಬರುತ್ತದೆ.

ಆದೋನಿಯಲ್ಲಿ ರಕ್ತದಾನಿಗಳ ಹೆಸರು, ಫೋನ್ ನಂಬರ್ ತೋರಿಸುವ ಒಂದು ವೆಬ್‌ಸೈಟನ್ನು ನಮ್ಮ ಸಣ್ಣ ಸಂಘ ನಡೆಸುತ್ತಿತ್ತು. ಅದರ ಸರ್ವರ್ ಎಂದರೆ ಸಂಘದ ಕೋಣೆಯಲ್ಲಿದ್ದ ಒಂದು ಹಳೆಯ ಕಂಪ್ಯೂಟರ್. ಆನ್ ಮಾಡಿದಾಗೆಲ್ಲ ನಾನು ಅದರ ಮುಂದೆ ಕೂತು, ನನಗೊಬ್ಬನಿಗೇ ಗೊತ್ತಿದ್ದ ಪಾಸ್‌ವರ್ಡ್ ಹಾಕಿ, ಕೈಯಾರೆ ಪ್ರೋಗ್ರಾಂ ಶುರು ಮಾಡಬೇಕು. ಆ ಪ್ರೋಗ್ರಾಮನ್ನು ಸಿಸ್ಟಂ ಸರ್ವಿಸ್ ಆಗಿ ಸೇರಿಸಿಬಿಟ್ಟರೆ ಕಂಪ್ಯೂಟರ್ ಎದ್ದಕೂಡಲೇ ಅದೂ ತಾನಾಗಿ ಏಳುತ್ತದೆ, ಅರ್ಧ ಗಂಟೆಯ ಕೆಲಸ ಎಂದು ಕಾರ್ಯದರ್ಶಿ ಆಚಾರ್ಯರಿಗೆ ಎಷ್ಟು ಸಲ ಹೇಳಿದ್ದೆನೋ.

“ತಾನ ಏಳೂದಾದ್ರ ನೀ ಯಾಕೋ? ದೇವರ ದೀಪಾನೂ ದಿನಾ ಕೈಯಿಂದನ ಹಚ್ಚತೀವಿ” ಎನ್ನುತ್ತಿದ್ದರು. ನಾನೂ ಕೈಯಾರೆ ಶುರು ಮಾಡುತ್ತಲೇ ಬಂದೆ.

ಆ ವರ್ಷ ಆಯುಧಪೂಜೆಗೆ ಆಚಾರ್ಯರು ನನ್ನ ಕೈಯಿಂದಲೇ ಕಂಪ್ಯೂಟರ್ ಆಫ್ ಮಾಡಿಸಿ, ಕೀಬೋರ್ಡಿಗೆ ಕುಂಕುಮ ಹಚ್ಚಿ, ಅಕ್ಷತೆ ಹಾಕಿ, “ಇವತ್ತು ಇದನ್ನ ಯಾರೂ ಮುಟ್ಟಬ್ಯಾಡ್ರಿ” ಎಂದು ಕೋಣೆಗೆ ಬೀಗ ಹಾಕಿದರು. ರಕ್ತ ಬೇಕಾದವರಿಗೆ ಹಬ್ಬ ಇರುತ್ತದೆಯೇ? ಕೇಳಬೇಕಿತ್ತು. ಕೇಳದೆ ಕೌತಾಳಂ ಬಸ್ಸು ಹತ್ತಿ ಅಕ್ಕನ ಮನೆಗೆ ಹೋದೆ. ಹೋಳಿಗೆ ತಿಂದು ಮಲಗಿದೆ.

ಮರುದಿನ ಬೀಗ ತೆಗೆದಾಗ ಕೀಬೋರ್ಡಿನ ಮೇಲೆ ಅಕ್ಷತೆ ಹಾಗೇ ಇತ್ತು, ಒಂದು ಕಾಳೂ ಕದಲಿರಲಿಲ್ಲ. ಆದರೆ ಕಂಪ್ಯೂಟರ್ ಓಡುತ್ತಿತ್ತು, ಸೈಟೂ ಓಡುತ್ತಿತ್ತು. ಯಾರು ಯಾವಾಗ ಏನು ಮಾಡಿದರೆಂದು ಕಂಪ್ಯೂಟರ್ ತಾನೇ ಬರೆದಿಡುವ ಲಾಗ್ ನೋಡಿದೆ. ಹಬ್ಬದ ಮಧ್ಯಾಹ್ನ ಮೂರರ ಸುಮಾರಿಗೆ, ನನ್ನ ಹೆಸರಿನಲ್ಲಿ, ಆ ಕಂಪ್ಯೂಟರಿನ ಮುಂದೆ ಕೂತೇ ಯಾರೋ ಶುರು ಮಾಡಿದಂತೆ ಬರೆದಿತ್ತು. ಕರೆಂಟ್ ಹೋಗಿ ಬಂದರೆ ಕಂಪ್ಯೂಟರ್ ತಾನೇ ಎದ್ದೀತು, ಒಪ್ಪುತ್ತೇನೆ. ಪಾಸ್‌ವರ್ಡ್ ಹಾಕಿದ್ದು ಯಾರು? ಹೊರಗಿನಿಂದ ಅದರೊಳಗೆ ಬರುವ ದಾರಿಯನ್ನೇ ನಾನು ಇಟ್ಟಿರಲಿಲ್ಲ.

“ಬ್ಯಾಡಂದ್ರೂ ಯಾಕ ಮುಟ್ಟಿದ್ಯೋ?” ಎಂದು ಆಚಾರ್ಯರು ಕೂಗಾಡಿದರು.

“ಬೀಗದಕೈ ನಿಮ್ಮ ಜನಿವಾರದಾಗ ಐತಲ್ರೀ!” ಎಂದು ನಾನೂ ಕಿರುಚಿದೆ. ಅವರು ಜನಿವಾರ ಮುಟ್ಟಿ ನೋಡಿಕೊಂಡರು.

ಮೂರು ದಿನ ಬಿಟ್ಟು ಕೌತಾಳಂ ಕಡೆಯ, ಕುರಿ ಸಾಕುವ ಮನೆಯ ಹೆಂಗಸೊಬ್ಬಳು ನನ್ನನ್ನು ಹುಡುಕಿಕೊಂಡು ಬಂದಳು. ಹಬ್ಬದ ದಿನ ಮಗಳಿಗೆ ಹೆರಿಗೆಯಲ್ಲಿ ರಕ್ತ ಹೋಗಿ ಜೀವಕ್ಕೇ ಬಂದಿತ್ತಂತೆ. ಆಸ್ಪತ್ರೆಯ ನರ್ಸ್ ಬೆಳಿಗ್ಗೆಯಿಂದ ಫೋನಿನಲ್ಲಿ ನೋಡಿದರೂ ನಮ್ಮ ಸೈಟ್ ತೆರೆದಿಲ್ಲ. ಮೂರರ ಮೇಲೆ ತೆರೆದಿದೆ. ಮಾಧವರಂನಿಂದ ದಾನಿಯೊಬ್ಬ ಓಡಿ ಬಂದಿದ್ದಾನೆ.

“ನೀವು ಚಾಲೂ ಮಾಡಿದ್ದಕ್ಕ ನನ್ನ ಮಗಳು ಉಳದಾಳ್ರಿ ಅಣ್ಣಾ.”

“ನಾ ಮಾಡಿಲ್ಲಮ್ಮ.”

“ಮತ್ತ ಯಾರ್ರಿ?”

ಅದೇ ಸಂಜೆ ಯಾರನ್ನೂ ಕೇಳದೆ, ಪ್ರೋಗ್ರಾಂ ತಾನಾಗಿ ಏಳುವಂತೆ ಸಿಸ್ಟಂ ಸರ್ವಿಸ್ ಆಗಿ ಸೇರಿಸಿಟ್ಟೆ. ಅರ್ಧ ಗಂಟೆಯೂ ಹಿಡಿಯಲಿಲ್ಲ. ಆಚಾರ್ಯರ ಮೇಲೆ ಎಷ್ಟು ಸಿಟ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ. ಬಂದ್ ಮಾಡಿ ಹೋಳಿಗೆ ತಿನ್ನಲು ಹೋದವನ ಮುಂದೆ ಆಕೆ ಕೈಮುಗಿದು ನಿಂತಿದ್ದಳು.